'ಆಕ್ಸೆಸ್' ಅನ್ನೋದಕ್ಕೆ 'ಲಭ್ಯತೆ' ಸಾಕಾ?

ಎಲ್ಲರಿಗೂ ನಮಸ್ಕಾರ. ಇನ್ಸುಲಿನ್ ಕಂಡುಹಿಡಿದು ನೂರು ವರ್ಷ ಆದಾಗ, 2021ರ ಏಪ್ರಿಲ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೋರು 'ಗ್ಲೋಬಲ್ ಡಯಾಬಿಟಿಸ್ ಕಾಂಪ್ಯಾಕ್ಟ್' ಅಂತ ಸಕ್ಕರೆ ಕಾಯಿಲೆ ಬಗ್ಗೆ ಒಂದು ಜಾಗತಿಕ ಕಾರ್ಯಕ್ರಮ ಶುರು ಮಾಡಿದ್ರಲ್ಲ, ಅದರ ಗುರಿಗಳನ್ನ ಕನ್ನಡದಲ್ಲಿ ಬರೀತಾ ಇದೀನಿ. ಒಂದು ಪದದ ಹತ್ರ ನಿಂತುಬಿಟ್ಟಿದೀನಿ.

2022ರಲ್ಲಿ ವಿಶ್ವ ಆರೋಗ್ಯ ಸಭೇಲಿ ದೇಶಗಳು ಒಪ್ಪಿದ ಗುರಿ ಐದು, ಗಡುವು 2030. ಶುಗರ್ ಇರೋರಲ್ಲಿ ನೂರಕ್ಕೆ 80 ಮಂದಿಗೆ ಅದು ಪತ್ತೆ ಆಗಿರ್ಬೇಕು, ಪತ್ತೆ ಆದೋರಲ್ಲಿ 80 ಮಂದಿಗೆ ಶುಗರ್, ಹಾಗೇ 80 ಮಂದಿಗೆ ಬಿಪಿ ಹತೋಟೀಲಿರ್ಬೇಕು, ಶುಗರ್ ಇದ್ದು ವಯಸ್ಸು 40 ದಾಟಿದೋರಲ್ಲಿ 60 ಮಂದಿಗೆ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಸಿಗ್ಬೇಕು. ಇಷ್ಟೂ ಸಲೀಸಾಗಿ ಬಂತು. ಐದನೇದು ಟೈಪ್ 1 ಇರೋರದ್ದು, ಅಂದ್ರೆ ಮೈಯಲ್ಲಿ ಇನ್ಸುಲಿನ್ ಹೆಚ್ಚುಕಮ್ಮಿ ತಯಾರೇ ಆಗದೆ, ಹೊರಗಿಂದ ತಗೊಂಡೇ ಬದುಕ್ಬೇಕಾದೋರದ್ದು: ನೂರಕ್ಕೆ ನೂರು ಮಂದಿಗೂ ಕೈಗೆಟುಕೋ ದರದ ಇನ್ಸುಲಿನ್‌ಗೆ, ತಾವೇ ಶುಗರ್ ನೋಡ್ಕೊಳ್ಳೋ ಮೀಟರು ಸ್ಟ್ರಿಪ್ಪಿಗೆ 'ಆಕ್ಸೆಸ್' ಇರ್ಬೇಕು.

ಪ್ರಕಟಣೆಗಳಲ್ಲೆಲ್ಲ ಇದಕ್ಕೆ 'ಲಭ್ಯತೆ' ಅಂತ ಹಾಕ್ತಾರೆ. ಆದ್ರೆ 'ಲಭ್ಯವಿದೆ' ಅಂದ್ರೆ ಅಂಗಡೀಲಿ ಇದೆ ಅಂತಷ್ಟೇ ಅಲ್ವಾ, ತಗೊಳ್ಳೋಕೆ ಆಗುತ್ತೋ ಇಲ್ವೋ ಅನ್ನೋದು ಅದರಲ್ಲಿ ಬರಲ್ಲ. ಇನ್ಸುಲಿನ್ ಕಥೆ ಪೂರ್ತಿ ಇರೋದೇ ಅಲ್ಲಿ. ಕಂಡುಹಿಡಿದೋರು 1923ರಲ್ಲಿ ಪೇಟೆಂಟನ್ನ ತಲಾ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ರು, ವಿಶ್ವ ಆರೋಗ್ಯ ಸಂಸ್ಥೆಯ 1977ರ ಮೊದಲ ಅಗತ್ಯ ಔಷಧಿಗಳ ಪಟ್ಟೀಲೇ ಇನ್ಸುಲಿನ್ ಸೇರ್ತು, ಆದ್ರೂ ಇವತ್ತಿಗೂ ಎಷ್ಟೋ ದೇಶಗಳಲ್ಲಿ ಬಡವರ ಮಕ್ಕಳಿಗೆ ಅದು ಸಿಗ್ತಿಲ್ಲ. ಬಾಟ್ಲಿ ಸಿಕ್ಕಿದ್ರೂ ಮುಗೀಲಿಲ್ಲ, ಓಪನ್ ಮಾಡೋ ತನಕ ಅದನ್ನ 2ರಿಂದ 8 ಡಿಗ್ರಿ ತಂಪಲ್ಲಿಡ್ಬೇಕು, ಸಿರಿಂಜ್ ಬೇಕು, ಸ್ಟ್ರಿಪ್ ಖಾಲಿಯಾದ್ರೆ ಎಷ್ಟು ಯೂನಿಟ್ ಹಾಕ್ಬೇಕು ಅನ್ನೋದು ಬರೀ ಅಂದಾಜು, ಅಂದಾಜು ತಪ್ಪಿ ಜಾಸ್ತಿ ಹಾಕಿಬಿಟ್ರೆ ಶುಗರ್ ತೀರಾ ಇಳಿದು ನಿದ್ದೇಲಿರೋ ಮಗು ಮೈಯೆಲ್ಲ ಬೆವರಿ, ಕೈ ನಡುಗಿ, ಪ್ರಜ್ಞೆ ತಪ್ಪೋವರೆಗೂ ಹೋಗ್ಬಹುದು. ಇವಿಷ್ಟೂ 'ಆಕ್ಸೆಸ್' ಒಳಗೇ ಬರೋದು.

ಮೊದ್ಲು 'ಎಟುಕು' ಅಂದ್ಕೊಂಡೆ. ಆದ್ರೆ 'ಕೈಗೆಟುಕುವ' ಅಂತ ಆಗ್ಲೇ ದರದ ಜೊತೆ ಅಂಟಿಕೊಂಡಿದೆ, ಒಂದೇ ವಾಕ್ಯದಲ್ಲಿ ಎರಡು ಸಲ ಬರುತ್ತೆ. 'ನಿಲುಕು' ಚೆನ್ನಾಗಿದೆ, ಆದ್ರೆ ಓದ್ದಾಗ 'ನಿಲುಕದ' ಅನ್ನೋದೇ ಮೊದ್ಲು ಮನಸ್ಸಿಗೆ ಬರುತ್ತೆ.

ಈಗ ನನ್ನ ಒಲವು 'ದಕ್ಕು' ಕಡೆಗೆ. ಜಮೀನು ದಕ್ತು, ನ್ಯಾಯ ದಕ್ತು ಅಂತೀವಲ್ಲ, ಸಿಕ್ಕಿದ್ದು ಕೈಯಲ್ಲಿ ಉಳೀತು, ಅದು ನಮ್ಮ ಹಕ್ಕಿನದ್ದು ಅನ್ನೋ ಅರ್ಥಾನೂ ಇದೆ. ಇನ್ಸುಲಿನ್ ಬದುಕಿರೋ ತನಕ ದಿನಾ ಬೇಕು, ಈ ತಿಂಗಳು ಸಿಕ್ಕಿ ಮುಂದಿನ ತಿಂಗಳು ಸಿಗ್ಲಿಲ್ಲ ಅಂದ್ರೆ ಅದು ದಕ್ಕಿದ ಹಾಗಲ್ಲ. 'ಟೈಪ್ 1 ಮಧುಮೇಹ ಇರುವ ಪ್ರತಿಯೊಬ್ಬರಿಗೂ ಕೈಗೆಟುಕುವ ದರದ ಇನ್ಸುಲಿನ್ ದಕ್ಕಬೇಕು': ವಾಕ್ಯ ನೇರವಾಗಿದೆ ಅನ್ಸುತ್ತೆ.

ತೊಡಕು ಏನಂದ್ರೆ ಶೀರ್ಷಿಕೆಗೆ ನಾಮಪದ ಬೇಕು, 'ದಕ್ಕುವಿಕೆ' ಬಾಯಿಗೆ ಒಗ್ಗಲ್ಲ. 'ದಕ್ಕಣೆ' ಅಂತ ಯಾರಾದ್ರೂ ಬಳಸಿದ್ದು ನೋಡಿದೀರಾ? ನಿಮ್ಮ ಕಡೆ ಮಾತಲ್ಲಿ 'ದಕ್ಕು' ಔಷಧಿಗೆ ಹೊಂದುತ್ತಾ, ಇಲ್ಲ ಊಟ ಅರಗೋದಕ್ಕೆ ಮಾತ್ರ ಅನ್ಸುತ್ತಾ? ಹಾಗೇ 'ಸೆಲ್ಫ್ ಮಾನಿಟರಿಂಗ್'ಗೆ 'ಸ್ವಯಂ ಮೇಲ್ವಿಚಾರಣೆ' ಬಿಟ್ಟು ಬೇರೆ ಏನಾದ್ರೂ ಇದ್ರೆ ಅದನ್ನೂ ತಿಳಿಸಿ.