ಪದಚರ್ಚೆ: ‘ವೋಟ್ ಟ್ರಾನ್ಸ್‌ಫರ್’, ‘ವೋಟರ್ ಬೇಸ್’ – ಸಂಜೆಯೊಳಗೆ ಬೇಕು

ಚುನಾವಣಾ ಇತಿಹಾಸದ ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ, ಸಂಜೆ ಅಚ್ಚಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, 2019ರ ಲೋಕಸಭೆಯಲ್ಲಿ ಕಾಂಗ್ರೆಸ್–ಜೆಡಿಎಸ್ ನಡುವೆ ಆಗದೇ ಹೋದ ‘ವೋಟ್ ಟ್ರಾನ್ಸ್‌ಫರ್’, ಅಂದರೆ ಒಂದು ಪಕ್ಷದವರ ಓಟು ಮಿತ್ರಪಕ್ಷಕ್ಕೆ ಬೀಳುವುದು. ಇನ್ನೊಂದು, 1990ರ ನಂತರ ಕಾಂಗ್ರೆಸ್ ಕಳೆದುಕೊಂಡ ಲಿಂಗಾಯತ ‘ವೋಟರ್ ಬೇಸ್’. ಪತ್ರಿಕೆಗಳ ‘ಮತ ವರ್ಗಾವಣೆ’, ‘ಮತಬ್ಯಾಂಕ್’ ಬಿಟ್ಟು ಬೇರೆ ಇದೆಯೇ?

—

ಮತ ವರ್ಗಾವಣೆ. ಎಲ್ಲರಿಗೂ ಗೊತ್ತಿರುವ ಪದ. ಇದರಲ್ಲಿ ಚರ್ಚೆಗೇನಿದೆ?

—

ಇದೆ. ವರ್ಗಾವಣೆ ಆಗುವುದು ತಹಶೀಲ್ದಾರರಿಗೆ, ಮೇಷ್ಟರಿಗೆ. ಮೇಲಿನವರ ಆದೇಶ ಬಂದರೆ ಗಂಟುಮೂಟೆ ಕಟ್ಟಲೇಬೇಕು. 2019ರಲ್ಲಿ ಮೇಲಿನವರು ಹೇಳಿದರು, ಕೆಳಗಿನವರು ಕದಲಲಿಲ್ಲ. 2018ರ ವಿಧಾನಸಭೆಯಲ್ಲಿ ಇಬ್ಬರ ಓಟೂ ಕೂಡಿದರೆ ಶೇ 56ರಷ್ಟಿತ್ತು. ಮರುವರ್ಷ ಜೊತೆಯಾಗಿ ನಿಂತಾಗ 28ರಲ್ಲಿ 25 ಬಿಜೆಪಿ ಪಾಲಾಯಿತು, ದೋಸ್ತಿಗಳಿಗೆ ದಕ್ಕಿದ್ದು ತಲಾ ಒಂದು. ಹಳೇ ಮೈಸೂರಿನ ಊರುಗಳಲ್ಲಿ ಪಂಚಾಯಿತಿ, ಡೇರಿ, ಸೊಸೈಟಿ ಎಲ್ಲದಕ್ಕೂ ಎದುರುಬದುರು ನಿಲ್ಲುವವರು ಇವರೇ. ತುಮಕೂರಿನಲ್ಲಿ ಹಾಲಿ ಕಾಂಗ್ರೆಸ್ ಸಂಸದರನ್ನು ಬದಿಗಿಟ್ಟು ದೇವೇಗೌಡರಿಗೆ ಸೀಟು ಬಿಟ್ಟುಕೊಟ್ಟರು, ಗೌಡರು ಸೋತರು. ಇದಕ್ಕೆ ಊರ ಕಡೆಯ ಮಾತು ‘ಒಳೇಟು’.

2023ರಲ್ಲಿ ಜೆಡಿಎಸ್ ಬಿಜೆಪಿ ಜೊತೆ ಹೋಯಿತು. ಆ ಸೀಮೆಯಲ್ಲಿ ಬಿಜೆಪಿ ಬಲ ಮೊದಲಿಂದ ಕಡಿಮೆ, ಹಾಗಾಗಿ ಕೆಳಹಂತದಲ್ಲಿ ಹಗೆಯೂ ಕಡಿಮೆ. 2024ರಲ್ಲಿ ಮಂಡ್ಯದಲ್ಲಿ ಕುಮಾರಸ್ವಾಮಿ ಗೆದ್ದರು. ದೇವೇಗೌಡರ ಅಳಿಯ ಮಂಜುನಾಥ್ ಬೆಂಗಳೂರು ಗ್ರಾಮಾಂತರದಲ್ಲಿ ಕಮಲದ ಗುರುತಿನಲ್ಲೇ ಗೆದ್ದರು. ಓಟು ಹಾಕುವವರನ್ನು ಕರ್ತೃವಾಗಿಸಿ, ಕ್ರಿಯಾಪದದಲ್ಲಿ ಬರೆಯಿರಿ. ನಾಮಪದ ಯಾಕೆ ಬೇಕು?

—

ಮೊದಲು ‘ಮತ’ ಬಿಡಿ. ಧರ್ಮಕ್ಕೂ ಅದೇ, ಓಟಿಗೂ ಅದೇ. ‘ಲಿಂಗಾಯತರ ಮತ ಬದಲಾಯಿತು’ ಎಂದು ಬರೆದರೆ, 2018ರ ಪ್ರತ್ಯೇಕ ಧರ್ಮದ ವಿವಾದ ನೆನಪಿರುವವರು ಏನೆಂದು ಓದಬೇಕು? ‘ಓಟುನೆಲೆ’ ಎನ್ನಿ. ನೆಲೆ ಬಂದದ್ದು ನಿಲ್ ಧಾತುವಿನಿಂದ. ಓಟು ಎಲ್ಲಿ ನಿಲ್ಲುತ್ತದೋ ಅದು.

—

ಓಟುನೆಲೆ ಅರಿಸಮಾಸ, ಎರಡು ನುಡಿಗಳ ಪದ ಬೆಸೆದದ್ದು. ಒಪ್ಪಲಾಗದು.

—

ಹಳೆಗನ್ನಡದ ವ್ಯಾಕರಣಕಾರ ಕೇಶಿರಾಜ ತಡೆದದ್ದು ಸಂಸ್ಕೃತ–ಕನ್ನಡದ ಬೆಸುಗೆಯನ್ನು. ಅವನೂ ಬಿರುದುಗಳಿಗೆ, ಹಿಂದಿನ ಕವಿಗಳ ಬಳಕೆಗೆ ವಿನಾಯಿತಿ ಕೊಟ್ಟ. ನಿಮ್ಮ ನಿಯಮ ಹಿಡಿದರೆ ಮೊದಲು ಬೀಳುವುದು ‘ಮತಗಟ್ಟೆ’. ಓಟಿಗೆ, ಓಟಿನಿಂದ, ಓಟುಗಳು ಎಂದು ವಿಭಕ್ತಿ ಹತ್ತಿದ ಮೇಲೆ ಅದು ಕನ್ನಡದ್ದೇ.

—

ಮತಗಟ್ಟೆ ಬಿದ್ದರೆ ಬೀಳಲಿ. ತಪ್ಪು ಹಳೆಯದಾದರೆ ಸರಿಯಾಗುವುದಿಲ್ಲ. ‘ಮೈತ್ರಿಕೂಟ’ವೂ ಅಷ್ಟೇ, ಕೂಡು ಎಂಬುದರಿಂದ ಬಂದ ಕೂಟ ಸಾಲದೇ? ಅದರ ಮೇಲೆ ಪಾರಸಿಯ ‘ದೋಸ್ತಿ’ ಬೇರೆ. ಬೇಡಿ ತರುವುದಕ್ಕೊಂದು ಮಿತಿ ಇರಲಿ.

—

ಕೂಟ ಸಂಸ್ಕೃತದಲ್ಲೂ ಇದೆ, ಜಗಳ ಅಲ್ಲಿಗೂ ಒಯ್ಯಬಹುದು. ಫಲಕಕ್ಕೆ ಬರೋಣ. ‘ವೋಟ್ ಬ್ಯಾಂಕ್’ ಹೊರಗಿನದೆಂದು ತಳ್ಳುವ ಮುನ್ನ ನೆನಪಿಡಿ: 1950ರ ದಶಕದಲ್ಲಿ ಅದನ್ನು ಬಳಕೆಗೆ ತಂದವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಮೈಸೂರು ಸೀಮೆಯ ಹಳ್ಳಿಯ ಅಧ್ಯಯನದಿಂದ. ಅಲ್ಲಿ ಅದು ಊರ ಯಜಮಾನನ ಹಿಡಿತದಲ್ಲಿದ್ದ ಓಟುಗಳ ಕುರಿತ ಮಾತು. 1990ರದು ಹಾಗಲ್ಲ. ಹಿಂದಿನ ವರ್ಷ 178 ಸ್ಥಾನ ಗೆಲ್ಲಿಸಿಕೊಟ್ಟ ಲಿಂಗಾಯತ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಕಾಂಗ್ರೆಸ್ಸಿನವರೇ ಇಳಿಸಿದರು. 1994ರಲ್ಲಿ ಕಾಂಗ್ರೆಸ್ 34ಕ್ಕೆ ಬಂತು. ಯಾವ ಯಜಮಾನನೂ ಹೇಳಿ ಮಾಡಿಸಿದ್ದಲ್ಲ. ಜನ ಮೊದಲು ಜನತಾದಳದತ್ತ, ಆಮೇಲೆ ಬಿಜೆಪಿಯತ್ತ ಹೊರಳಿದರು. ‘ನೆಲೆ’ಯೇ ಸರಿ, ‘ನೆಲೆ ತಪ್ಪಿತು’ ಎಂದು ಕ್ರಿಯೆಯೂ ಸಲೀಸಾಗಿ ಕೂಡುತ್ತದೆ.

—

ಕಳಿಸಿಬಿಟ್ಟೆ. ‘ಮೈತ್ರಿಗೆ ನಾಯಕರು ಒಪ್ಪಿದರು, ಓಟು ಹಾಕುವವರು ಒಪ್ಪಲಿಲ್ಲ’. ಎರಡನೆಯದು, ‘ಲಿಂಗಾಯತರಲ್ಲಿ ಕಾಂಗ್ರೆಸ್ಸಿನ ನೆಲೆ ತಪ್ಪಿತು’.

—

ಮೈತ್ರಿ ಹಾಗೇ ಉಳಿಯಿತು. ‘ಕೂಟ’ ಎಂದಿದ್ದರೆ ಏನು ಕಡಿಮೆಯಾಗುತ್ತಿತ್ತು?