ಮಗಳ ಮೂರ್ಛೆರೋಗಕ್ಕೆ ಸಿಬಿಡಿ ಎಣ್ಣೆ: ಕ್ಲೋಬಜಾಮ್ ಜೊತೆ ಕೊಡಬಹುದೇ?

ದಾವಣಗೆರೆ_ಅಮ್ಮ

ಮಗಳಿಗೆ ಒಂಬತ್ತು ವರ್ಷ, ತೂಕ 22 ಕಿಲೋ. ಲೆನಾಕ್ಸ್-ಗ್ಯಾಸ್ಟೊ ಎಂಬ ಮೂರ್ಛೆರೋಗವಿದೆ. ನಿಂತಲ್ಲೇ ಕುಸಿದು ಬೀಳುತ್ತಾಳೆ, ಹೆಲ್ಮೆಟ್ ಹಾಕಿಯೇ ಶಾಲೆಗೆ ಕಳುಹಿಸುತ್ತೇನೆ. ವಾಲ್ಪ್ರೊಯೇಟ್, ಕ್ಲೋಬಜಾಮ್ ಎಂಬ ಎರಡು ಮೂರ್ಛೆ ಔಷಧಿಗಳು ನಡೆಯುತ್ತಿವೆ. ನಮ್ಮ ಭಾವ ಆನ್‌ಲೈನ್‌ನಲ್ಲಿ ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆ ತರಿಸಿಕೊಟ್ಟಿದ್ದಾರೆ. 30 ಮಿಲಿ ಬಾಟಲಿ, 1000 ಮಿಲಿಗ್ರಾಂ ಎಂದು ಬರೆದಿದೆ. ಬೆಳಿಗ್ಗೆ ಐದು ಹನಿ, ರಾತ್ರಿ ಐದು ಹನಿ ಕೊಡಿ, ಗಿಡಮೂಲಿಕೆಯಾದ್ದರಿಂದ ಅಡ್ಡಪರಿಣಾಮವಿಲ್ಲ ಎನ್ನುತ್ತಾರೆ ಮಾರುವವರು. ಮಗುವಿಗೆ ಗಾಂಜಾ ಕುಡಿಸುತ್ತೀಯಾ ಎಂದು ಅತ್ತೆ ಅಳುತ್ತಿದ್ದಾರೆ. ಬಾಟಲಿಯನ್ನು ಇನ್ನೂ ತೆರೆದಿಲ್ಲ. ಇದು ಮೈಯೊಳಗೆ ಏನು ಮಾಡುತ್ತದೆ? ಅಮಲು ಬರುತ್ತದೆಯೇ?

ಔಷಧಶಾಸ್ತ್ರ_ಮೈಸೂರು

ಅಮ್ಮ, ತೆರೆಯದೆ ಕೇಳಿದ್ದು ಒಳ್ಳೆಯದಾಯಿತು. ನಾನು ಔಷಧಶಾಸ್ತ್ರ ಪಾಠ ಮಾಡುವವನು, ನರರೋಗ ತಜ್ಞನಲ್ಲ. ಆದರೆ ನಿಮ್ಮ ಮಗಳ ಔಷಧಿಗಳ ಪಟ್ಟಿ ನೋಡಿ ಸುಮ್ಮನಿರಲಾಗಲಿಲ್ಲ.

ಮೊದಲು ನಿಮ್ಮ ಅತ್ತೆಯವರ ಆತಂಕ. ಗಾಂಜಾದ ಅಮಲಿಗೆ ಕಾರಣ ಟಿಎಚ್‌ಸಿ. ಅದು ಮಿದುಳಿನ ಸಿಬಿ1 ಗ್ರಾಹಕಗಳಿಗೆ, ಅಂದರೆ ಸಂಕೇತ ಹಿಡಿಯುವ ರಿಸೆಪ್ಟರ್‌ಗಳಿಗೆ, ಅಂಟಿಕೊಂಡು ಅವುಗಳನ್ನು ಕೆರಳಿಸುತ್ತದೆ. ಸಿಬಿಡಿ ಅದೇ ಗಿಡದ್ದಾದರೂ ಆ ಗ್ರಾಹಕಗಳನ್ನು ಹಾಗೆ ಕೆರಳಿಸುವುದಿಲ್ಲ, ಅಮಲು ತರುವುದಿಲ್ಲ. ಸೆಳೆತವನ್ನು ಹೇಗೆ ತಗ್ಗಿಸುತ್ತದೆ ಎಂಬುದು ಪೂರ್ತಿ ಬಗೆಹರಿದಿಲ್ಲ. ಜಿಪಿಆರ್55, ಟಿಆರ್‌ಪಿವಿ1 ಎಂಬ ಗ್ರಾಹಕಗಳ ಮೂಲಕವೂ ನರಗಳನ್ನು ಶಾಂತಗೊಳಿಸುವ ಅಡೆನೊಸಿನ್ ಎಂಬ ದೇಹದ ವಸ್ತುವಿನ ಮೂಲಕವೂ ನರಕೋಶಗಳ ಅತಿಯಾದ ಉದ್ರೇಕವನ್ನು ಇಳಿಸುತ್ತದೆ ಎಂದು ಸಂಶೋಧಕರು ಭಾವಿಸುತ್ತಾರೆ.

ಕೆಲಸ ಮಾಡುತ್ತದೆಯೇ ಎಂದರೆ, ಮಾಡುತ್ತದೆ. ನಿಮ್ಮ ಮಗಳ ಕಾಯಿಲೆಯಿದ್ದ 225 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಪಡೆದವರಲ್ಲಿ ಬೀಳಿಸುವ ಸೆಳೆತಗಳ ಇಳಿಕೆಯ ಮಧ್ಯಾಂಕ ಶೇ 37, 20 ಮಿಲಿಗ್ರಾಂ ಪಡೆದವರಲ್ಲಿ ಶೇ 42. ಹುಸಿ ಔಷಧ ಪಡೆದವರಲ್ಲೂ ಶೇ 17 ಇಳಿಯಿತು, ಅದನ್ನೂ ಮರೆಯಬಾರದು. ಅದೇ ವರ್ಷ ಅಮೆರಿಕ ಶುದ್ಧೀಕರಿಸಿದ ಸಿಬಿಡಿಯನ್ನು ಎಪಿಡಿಯೊಲೆಕ್ಸ್ ಎಂಬ ಹೆಸರಿನಲ್ಲಿ ಒಪ್ಪಿತು.

ಈಗ ನಿಮ್ಮ ಬಾಟಲಿಯ ಲೆಕ್ಕ ಹಾಕೋಣ. ಒಂದು ಮಿಲಿಯಲ್ಲಿ ಸುಮಾರು 33 ಮಿಲಿಗ್ರಾಂ. ಹತ್ತು ಹನಿಯೆಂದರೆ ಅರ್ಧ ಮಿಲಿ, ಅಂದರೆ 17 ಮಿಲಿಗ್ರಾಂ. 22 ಕಿಲೋ ಮಗುವಿಗೆ ಪ್ರಯೋಗದಲ್ಲಿ ಕೊಟ್ಟ ಕಡಿಮೆ ಪ್ರಮಾಣವೇ ದಿನಕ್ಕೆ 220 ಮಿಲಿಗ್ರಾಂ ಆಗುತ್ತದೆ. ಅವರು ಹೇಳಿದ ಹನಿಗಳು ಅದರ ಹತ್ತನೇ ಒಂದು ಭಾಗಕ್ಕೂ ಮುಟ್ಟುವುದಿಲ್ಲ! ಅದೂ ಚೀಟಿಯಲ್ಲಿ ಬರೆದದ್ದು ನಿಜವಾಗಿದ್ದರೆ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ಬರೆದ ಪ್ರಮಾಣವೂ ಒಳಗಿನ ಪ್ರಮಾಣವೂ ಹೊಂದಿದ್ದು ಮೂರರಲ್ಲಿ ಒಂದಕ್ಕೂ ಕಡಿಮೆ. 18ರಲ್ಲಿ ಟಿಎಚ್‌ಸಿಯೂ ಇತ್ತು.

ಹಾಗಾದರೆ ಹನಿ ಹೆಚ್ಚಿಸೋಣ ಎಂದು ದಯವಿಟ್ಟು ಹೊರಡಬೇಡಿ. ನನ್ನ ನಿಜವಾದ ಭಯ ಇರುವುದು ಅಲ್ಲೇ. ಕ್ಲೋಬಜಾಮ್ ದೇಹದಲ್ಲಿ ನಾರ್‌ಕ್ಲೋಬಜಾಮ್ ಎಂಬ ಇನ್ನೊಂದು ವಸ್ತುವಾಗುತ್ತದೆ, ಅದಕ್ಕೂ ಮಂಪರು ತರಿಸುವ ಶಕ್ತಿಯಿದೆ. ಅದನ್ನು ಕರಗಿಸಿ ಹೊರಹಾಕುವ ಲಿವರ್‌ನ ಕಿಣ್ವವನ್ನು ಸಿಬಿಡಿ ತಡೆಯುತ್ತದೆ. ಮೋರಿ ಕಟ್ಟಿಕೊಂಡರೆ ನೀರು ನಿಲ್ಲುವಂತೆ ಅದು ರಕ್ತದಲ್ಲಿ ಮೂರು ಪಟ್ಟು ಏರಬಹುದು. ಮಗು ತೂಕಡಿಸುತ್ತಾ ನಿದ್ದೆಗೆ ಜಾರುತ್ತದೆ, ರೋಗ ಹೆಚ್ಚಾಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ವಾಲ್ಪ್ರೊಯೇಟ್ ಜೊತೆ ಇನ್ನೊಂದು ತೊಂದರೆ: ಲಿವರ್ ಕಿಣ್ವಗಳ ಮಟ್ಟ ಏರುವುದು. ಆದ್ದರಿಂದಲೇ ಆರಂಭಿಸುವ ಮುನ್ನ, ಆಮೇಲೆ ಒಂದು, ಮೂರು, ಆರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅಡ್ಡಪರಿಣಾಮವಿಲ್ಲ ಎಂದು ಒಬ್ಬ ತಾಯಿಗೆ ಹೇಳಿ ಮಾರುವುದು ಅನ್ಯಾಯ.

ನ್ಯೂಜೆರ್ಸಿ_ಕನ್ನಡಿಗ

ಸರ್ ಹೇಳಿದ್ದು ನಮ್ಮ ಮನೆಯಲ್ಲೇ ನಡೆದಿದೆ. ಮಗನಿಗೂ ಇದೇ ಕಾಯಿಲೆ, ಎಪಿಡಿಯೊಲೆಕ್ಸ್ ಕೊಡುತ್ತಿದ್ದೇವೆ. ಎಳ್ಳೆಣ್ಣೆಯಲ್ಲಿ ಕರಗಿಸಿದ, ಸ್ಟ್ರಾಬೆರಿ ರುಚಿಯ ದ್ರವ. ಶುರುವಿನಲ್ಲಿ ಊಟದ ತಟ್ಟೆಯ ಮುಂದೆಯೇ ನಿದ್ದೆ ಹೋಗುತ್ತಿದ್ದ. ವೈದ್ಯರು ಕ್ಲೋಬಜಾಮ್ ಇಳಿಸಿದ ಮೇಲೆ ಮತ್ತೆ ಕಣ್ಣರಳಿಸಿ ಮಾತನಾಡತೊಡಗಿದ. ಭೇದಿಯಾಯಿತು, ಹಸಿವೂ ಕಡಿಮೆಯಾಯಿತು. ಬೀಳುವುದು ಇಳಿದಿದೆ, ನಿಂತಿಲ್ಲ. ಇನ್ನೊಂದು ವಿಷಯ: ಜಿಡ್ಡಿನ ಊಟದ ಜೊತೆ ಕೊಟ್ಟರೆ ದೇಹ ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದಂತೆ. ಅದಕ್ಕೇ ನಾವು ದಿನವೂ ಒಂದೇ ರೀತಿಯ ಊಟದೊಂದಿಗೆ ಕೊಡುತ್ತೇವೆ.

ವಕೀಲೆ_ಧಾರವಾಡ

ಬಾಟಲಿಯ ಚೀಟಿಯನ್ನು ಇನ್ನೊಮ್ಮೆ ಓದಿ. ಗಾಂಜಾ ಜಾತಿಯದೇ ಆದ ಹೆಂಪ್ ಗಿಡದ ಬೀಜದೆಣ್ಣೆಯನ್ನು ಆಹಾರವಾಗಿ ಮಾರಲು 2021ರಿಂದ ಅನುಮತಿ ಇದೆ, ಆದರೆ ಬೀಜದೆಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಎಲೆಯಿಂದ ಮಾಡಿದ್ದಾದರೆ ವಿಜಯಾ ಎಂಬ ಹೆಸರಿನಲ್ಲಿ ಆಯುರ್ವೇದ ಪರವಾನಗಿ ಸಂಖ್ಯೆ ಇರಬೇಕು. 1985ರ ಮಾದಕವಸ್ತು ಕಾಯ್ದೆ ಗಾಂಜಾ ಎನ್ನುವುದು ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ತುದಿಗಳಿಲ್ಲದ ಬರಿಯ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ.

ದಾವಣಗೆರೆ_ಅಮ್ಮ

ಎಲ್ಲರಿಗೂ ಕೈಮುಗಿಯುತ್ತೇನೆ. ಚೀಟಿಯಲ್ಲಿ ಪರವಾನಗಿ ಸಂಖ್ಯೆಯೇ ಕಾಣುತ್ತಿಲ್ಲ. ಬಾಟಲಿಯನ್ನು ಬೀಗ ಹಾಕಿ ಇಟ್ಟಿದ್ದೇನೆ. ಸರ್, ನರರೋಗ ತಜ್ಞರ ಬಳಿ ಏನು ಕೇಳಲಿ?

ಔಷಧಶಾಸ್ತ್ರ_ಮೈಸೂರು

ಬಾಟಲಿಯನ್ನೂ ಈಗಿನ ಔಷಧಿಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಔಷಧ ದರ್ಜೆಯ ಸಿಬಿಡಿ ಇವಳಿಗೆ ಸೂಕ್ತವೇ, ಕೊಡುವುದಾದರೆ ಕ್ಲೋಬಜಾಮ್ ಎಷ್ಟು ಇಳಿಸಬೇಕು, ಲಿವರ್ ಪರೀಕ್ಷೆ ಯಾವಾಗ ಎಂದು ಕೇಳಿ. ಅಲ್ಲಿಯವರೆಗೆ ಈಗ ನಡೆಯುತ್ತಿರುವ ಎರಡು ಔಷಧಿಗಳ ಒಂದು ಹೊತ್ತನ್ನೂ ತಪ್ಪಿಸಬೇಡಿ. ಕ್ಲೋಬಜಾಮ್ ಥಟ್ಟನೆ ನಿಂತರೆ ಬಿಡದೆ ಬರುವ ಸೆಳೆತಕ್ಕೆ ತಿರುಗಬಹುದು.