ತೂಕ ವಿಭಾಗದ ಸ್ಪರ್ಧಿಗೆ ಹಸಿವು ತಗ್ಗಿಸುವ ಗಿಡಮೂಲಿಕೆ ಕ್ಯಾಪ್ಸೂಲ್ ಕೊಡಬಹುದೇ?

ಪ್ರಶ್ನೆ: ಕುಂದಾಪುರದ ತಾಯಿ

ಮಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿರುವ ನನ್ನ ಮಗಳು ಪವರ್‌ಲಿಫ್ಟಿಂಗ್‌ನ 63 ಕೆ.ಜಿ. ವಿಭಾಗದಲ್ಲಿ ಸ್ಪರ್ಧಿಸುತ್ತಾಳೆ. ಈಗ ಅವಳ ತೂಕ 66 ಕೆ.ಜಿ. ಆಸುಪಾಸಿನಲ್ಲಿದೆ, ರಾಜ್ಯಮಟ್ಟದ ಕೂಟಕ್ಕೆ ಇನ್ನು ಎರಡು ತಿಂಗಳಿದೆ. ಜಿಮ್‌ನಲ್ಲಿ ಪರಿಚಯದವರೊಬ್ಬರು ಹಸಿವು ತಗ್ಗಿಸುವ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಡಬ್ಬಿಯ ಮೇಲೆ ಗಾರ್ಸಿನಿಯಾ, ಮಧುನಾಶಿನಿ, ಗ್ರೀನ್ ಟೀ ಸಾರ ಎಂದಷ್ಟೇ ಬರೆದಿದ್ದು, ಯಾವುದು ಎಷ್ಟು ಎಂಬ ಪ್ರಮಾಣವಾಗಲಿ ತಯಾರಕರ ಪೂರ್ತಿ ವಿಳಾಸವಾಗಲಿ ಇಲ್ಲ. ನುಂಗಲು ತೊಡಗಿದ ಮರುದಿನದಿಂದಲೇ ಅವಳಿಗೆ ಊಟ ಬೇಡವಾಗಿದೆ, ಬಾಯಿ ಒಣಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಎಲ್ಲವೂ ಗಿಡಮೂಲಿಕೆಯಾದ್ದರಿಂದ ಡೋಪ್ ಪರೀಕ್ಷೆಗೂ ಅಡ್ಡಿಯಿಲ್ಲ ಎಂದು ಅವಳು ವಾದಿಸುತ್ತಾಳೆ. ಗಾರ್ಸಿನಿಯಾ ನಮ್ಮ ಪುನರ್ಪುಳಿಯ (ಕೋಕಂ) ಕುಲದ್ದೇ ಎಂದು ತಿಳಿದಾಗ ನನಗೂ ಸ್ವಲ್ಪ ಧೈರ್ಯ ಬಂದಿತ್ತು. ಇದನ್ನು ಮುಂದುವರಿಸಬಹುದೇ? ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ: ಔಷಧಶಾಸ್ತ್ರ ಬೋಧಕ, ಉಡುಪಿ

ಅಮ್ಮಾ, ಆ ಕ್ಯಾಪ್ಸೂಲನ್ನು ಇವತ್ತೇ ನಿಲ್ಲಿಸಿ. ಆದರೆ ಡಬ್ಬಿಯನ್ನು ಎಸೆಯಬೇಡಿ.

ಇಂತಹ ಡಬ್ಬಿಗಳಲ್ಲಿ ಬಳಸುವ ಗಾರ್ಸಿನಿಯಾ ಸಾಮಾನ್ಯವಾಗಿ ಉಪ್ಪಾಗೆ, ಅಂದರೆ ಕೊಡಗಿನವರು ಕಾಚಂಪುಳಿ ಮಾಡುವ ಹಣ್ಣು. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ ಎಂಬುದು ಪ್ರಯೋಗಾಲಯದ ಮಟ್ಟಿಗೆ ನಿಜ. ಆದರೆ 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 1500 ಮಿ.ಗ್ರಾಂ. ಆಮ್ಲವನ್ನು 12 ವಾರ ತೆಗೆದುಕೊಂಡವರಿಗೂ ಮದ್ದಿಲ್ಲದ ಹುಸಿ ಗುಳಿಗೆ ನುಂಗಿದವರಿಗೂ ತೂಕ ಇಳಿದುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಧುನಾಶಿನಿಯ ಎಲೆ ಜಗಿದರೆ ನಾಲಿಗೆಗೆ ಕೆಲಹೊತ್ತು ಸಿಹಿ ತಿಳಿಯುವುದಿಲ್ಲ. ಕ್ಯಾಪ್ಸೂಲಿನೊಳಗೆ ನುಂಗಿದಾಗ ಅದು ನಾಲಿಗೆಗೆ ತಾಗುವುದೇ ಇಲ್ಲ.

ಹಾಗಿರುವಾಗ ನಿಮ್ಮ ಮಗಳಿಗೆ ಮರುದಿನವೇ ಊಟ ಬೇಡವಾದದ್ದು ಹೇಗೆ? ನನ್ನನ್ನು ಹೆದರಿಸಿದ್ದು ಅದೇ. ಹಸಿವು ಸಂಪೂರ್ಣ ಅಡಗುವುದು, ಬಾಯಿ ಒಣಗುವುದು, ನಿದ್ದೆ ಕೆಡುವುದು, ಈ ಮೂರೂ ಸಿಬುಟ್ರಾಮಿನ್ ಎಂಬ ರಾಸಾಯನಿಕ ಔಷಧದ ಪರಿಚಿತ ಪರಿಣಾಮಗಳು. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆಂದು ಅದನ್ನು 2010ರಲ್ಲಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಗಳಿಂದ ಹಿಂತೆಗೆಯಲಾಯಿತು. 2011ರಲ್ಲಿ ಭಾರತದಲ್ಲೂ ನಿಲ್ಲಿಸಲಾಯಿತು. ಆದರೂ ‘ಹರ್ಬಲ್’ ಎಂಬ ಹೆಸರಿನ ತೂಕ ಇಳಿಸುವ ಗುಳಿಗೆಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿರುವುದನ್ನು ಹಲವು ದೇಶಗಳ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಹಚ್ಚಿದ್ದಾರೆ. ಕ್ರೀಡಾಕೂಟದ ಅವಧಿಯಲ್ಲಿ ಅದು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯ ನಿಷೇಧಿತ ಉತ್ತೇಜಕ. ಡಬ್ಬಿಯನ್ನು ಪರೀಕ್ಷಿಸದೆ ಅದೇ ಇದೆಯೆಂದು ನಾನು ಹೇಳಲಾರೆ. ಆದರೆ ಗಿಡಮೂಲಿಕೆಯ ಗುಳಿಗೆಯೊಂದು ಇಷ್ಟು ಬೇಗ, ಇಷ್ಟು ಬಲವಾಗಿ ಹಸಿವನ್ನು ಕೊಲ್ಲುತ್ತಿದ್ದರೆ ಆ ಗುಣವನ್ನೇ ಅನುಮಾನಿಸಬೇಕು. ರಕ್ತದೊತ್ತಡ ಮತ್ತು ಇಸಿಜಿಯನ್ನು ಈ ವಾರವೇ ಮಾಡಿಸಿ. ಗಾರ್ಸಿನಿಯಾ ಮತ್ತು ಸಾಂದ್ರ ಗ್ರೀನ್ ಟೀ ಸಾರದಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ಇರುವುದರಿಂದ, ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ತಡಮಾಡಬೇಡಿ. ಸಾರಿಗೆ ಹಾಕುವ ಪುನರ್ಪುಳಿಗೂ ಈ ಸಾಂದ್ರ ಸಾರಕ್ಕೂ ಪ್ರಮಾಣದಲ್ಲಿ ಬಹಳ ಅಂತರವಿದೆ. ಮನೆಯ ಸಾರನ್ನು ಬಿಡಬೇಕಾಗಿಲ್ಲ.

ಉತ್ತರ: ಆಯುರ್ವೇದ ವೈದ್ಯೆ, ಕಾರ್ಕಳ

ಮೇಲಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕಲಬೆರಕೆಯಿಲ್ಲದ ಅಪ್ಪಟ ಮೂಲಿಕೆಯಾದರೂ ಕ್ರೀಡಾಪಟುವಿಗೆ ರಿಯಾಯಿತಿ ಇಲ್ಲವೆಂಬುದನ್ನು ಮಾತ್ರ ಸೇರಿಸುತ್ತೇನೆ. ನಾವು ಬಹಳ ಕಾಲದಿಂದ ಬಳಸುವ ಬಲಾ ಗಿಡದಲ್ಲಿ ಸ್ವಭಾವತಃ ಎಫೆಡ್ರಿನ್ ಎಂಬ ಉತ್ತೇಜಕ ಇದೆ. ಸ್ಪರ್ಧೆಯ ವೇಳೆ ಮೂತ್ರದ ಒಂದು ಮಿ.ಲೀ.ಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಎಫೆಡ್ರಿನ್ ಕಂಡರೆ ಅದು ಉಲ್ಲಂಘನೆ. 2003ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ 23ನೇ ವಯಸ್ಸಿನಲ್ಲಿ ಅಭ್ಯಾಸದ ವೇಳೆ ಬಿಸಿಲಾಘಾತಕ್ಕೆ ತುತ್ತಾಗಿ ತೀರಿಕೊಂಡರು. ತೂಕ ಇಳಿಸಲು ಅವರು ಇದೇ ಎಫೆಡ್ರಿನ್ ಇರುವ ಎಫೆಡ್ರಾ ಗಿಡದ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಮರುವರ್ಷ ಅಲ್ಲಿ ಎಫೆಡ್ರಾ ಪೂರಕಗಳನ್ನು ನಿಷೇಧಿಸಲಾಯಿತು. ಬೆವರು ಆರದ ನಮ್ಮ ಕರಾವಳಿಯ ಸೆಕೆಯಲ್ಲಿ, ಮೈಯ ಶಾಖ ಏರಿಸುವ ಮದ್ದನ್ನು ಅರೆಹೊಟ್ಟೆಯಲ್ಲಿ ನುಂಗಿ ಭಾರ ಎತ್ತುವ ಮಕ್ಕಳನ್ನು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ನಮ್ಮ ಉಡುಪಿ ಜಿಲ್ಲೆಯವರೇ ಆದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಅವರ ಪ್ರಕರಣವನ್ನು ಮಗಳಿಗೆ ತಿಳಿಸಿ. 2011ರಲ್ಲಿ ಅವರೂ ಅವರ ಜೊತೆಯ ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ತರಬೇತುದಾರರು ಕೊಟ್ಟ ಜಿನ್ಸೆಂಗ್ ಮೂಲಿಕೆಯ ಗುಳಿಗೆಗಳೇ ಕಾರಣವೆಂದು ವಾದಿಸಿದರು. ಭಾರತದಲ್ಲಿ ಒಂದು ವರ್ಷಕ್ಕೆ ಸೀಮಿತವಾಗಿದ್ದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೆ ಏರಿಸಿತು.

ಉತ್ತರ: ಪವರ್‌ಲಿಫ್ಟಿಂಗ್ ತರಬೇತುದಾರ, ಮಂಗಳೂರು

ಮೇಡಂ, 66ರಿಂದ 63ಕ್ಕೆ ಇಳಿಯಲು ಎರಡು ತಿಂಗಳು ಸಾಕು. ವಾರಕ್ಕೆ 300ರಿಂದ 400 ಗ್ರಾಂ ಇಳಿದರೆ ಬಲವೂ ಉಳಿಯುತ್ತದೆ. ಇದಕ್ಕೆ ಹಸಿವನ್ನು ಅಡಗಿಸಬೇಕಾಗಿಲ್ಲ. ಹೊಟ್ಟೆ ತುಂಬಿಸುವ ಆಹಾರವನ್ನು ಆರಿಸಿಕೊಳ್ಳಬೇಕು. ದಿನಕ್ಕೆ 110ರಿಂದ 130 ಗ್ರಾಂ ಪ್ರೋಟೀನ್ ಸೇರಬೇಕು. ಬಂಗುಡೆ, ಬೂತಾಯಿಯನ್ನು ಎಣ್ಣೆಯಲ್ಲಿ ಕರಿಯದೆ ಪುಳಿಮುಂಚಿ ಮಾಡಿ ಕೊಡಿ. ಮೊಟ್ಟೆ, ಮೊಸರು, ಹುರುಳಿ, ಮೊಳಕೆ ಹೆಸರು, ಬಸಳೆ ಧಾರಾಳವಾಗಿರಲಿ. ಕುಚ್ಚಲಕ್ಕಿ ಅನ್ನವನ್ನು ಬಿಡಿಸಬೇಡಿ, ಅಳತೆಯನ್ನು ಕಡಿಮೆ ಮಾಡಿ. ಅಭ್ಯಾಸದ ಮುಂಚೆ ಮತ್ತು ಅನಂತರದ ಊಟದಲ್ಲಿ ಅದು ಬೇಕು. ಕಡಿತ ಮಾಡಬೇಕಾದದ್ದು ಸಂಜೆಯ ಬನ್ಸ್, ಗೋಳಿಬಜೆ ಮತ್ತು ಸಿಹಿ ಪಾನೀಯಗಳನ್ನು.

ಮುಟ್ಟು ತಪ್ಪಿದರೆ ತೂಕ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ದೇಹಕ್ಕೆ ಶಕ್ತಿ ಸಾಲುತ್ತಿಲ್ಲವೆಂಬುದರ ಸ್ಪಷ್ಟ ಸೂಚನೆ ಅದು. ಕೊನೆಯ ವಾರದಲ್ಲಿ ಯಾರಾದರೂ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೆ ಮುಟ್ಟಲೇಬಾರದು, ಅವು ವರ್ಷವಿಡೀ ನಿಷೇಧಿತ. ಅಂತರರಾಷ್ಟ್ರೀಯ ನಿಯಮದಂತೆ ನಮ್ಮ ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಇರುವಾಗ. ನೀರು ಬಿಟ್ಟು ಒಣಗಿದ ದೇಹ ಅಷ್ಟರಲ್ಲಿ ಚೇತರಿಸಿಕೊಳ್ಳುವುದಿಲ್ಲ. ಇಳಿಯದಿದ್ದರೆ 69 ಕೆ.ಜಿ. ವಿಭಾಗವಿದೆ, ಅಲ್ಲೇ ಎತ್ತಲಿ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಕ್ಯಾಪ್ಸೂಲ್ ನಿಲ್ಲಿಸಿದ್ದೇವೆ, ನಾಳೆ ವೈದ್ಯರಲ್ಲಿಗೆ ಹೋಗುತ್ತೇವೆ. ಕೂಟದಲ್ಲಿ ಡೋಪ್ ಪರೀಕ್ಷೆಗೆ ಮಾದರಿ ತೆಗೆದುಕೊಳ್ಳುವಾಗ ಇದನ್ನು ಸೇವಿಸಿದ್ದೆನೆಂದು ಫಾರ್ಮಿನಲ್ಲಿ ಬರೆದರೆ ಸಾಕಾಗುತ್ತದೆಯೇ?

ಉತ್ತರ: ಔಷಧಶಾಸ್ತ್ರ ಬೋಧಕ, ಉಡುಪಿ

ಸಾಕಾಗುವುದಿಲ್ಲ, ಅಮ್ಮಾ. ಆ ಫಾರ್ಮಿನಲ್ಲಿ ಹಿಂದಿನ ಏಳು ದಿನಗಳಲ್ಲಿ ಸೇವಿಸಿದ ಔಷಧ ಮತ್ತು ಪೂರಕಗಳನ್ನು ಪ್ರಾಮಾಣಿಕವಾಗಿ ಬರೆಯಬೇಕು, ಆದರೆ ಬರೆದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಕ್ರೀಡಾಪಟುವೇ ಹೊಣೆ. ಕಲಬೆರಕೆಯಿಂದ ಬಂದದ್ದೆಂದು ರುಜುವಾತಾದರೆ ಶಿಕ್ಷೆ ಕಡಿಮೆಯಾಗಬಹುದು, ಆ ರುಜುವಾತಿನ ಭಾರವೂ ಅವಳದ್ದೇ. ಡಬ್ಬಿಯನ್ನು ಉಳಿದ ಕ್ಯಾಪ್ಸೂಲ್‌ಗಳ ಸಮೇತ ಮುಚ್ಚಿಡಿ, ಬ್ಯಾಚ್ ಸಂಖ್ಯೆಯ ಫೋಟೋ ತೆಗೆದಿಡಿ, ಕೊಟ್ಟವರು ಎಲ್ಲಿಂದ ತಂದರೆಂದು ಕೇಳಿ ಬರೆದಿಟ್ಟುಕೊಳ್ಳಿ. ನಾಳೆ ವೈದ್ಯರಿಗೂ ಆ ಡಬ್ಬಿಯನ್ನೇ ತೋರಿಸಿ.